ಮೊದಲ ಪಂಕ್ತಿಯ ನೆಂಟರು

೫ ಆಗಸ್ಟ್, ಸೋಮವಾರ. ಬೆಳಿಗ್ಗೆ, ಲ್ಯಾಬ್

ನೆಂಟರ ಸ್ನಾನ ಮುಗಿಯಿತು. ಉಪ್ಪುನೀರಿನಲ್ಲಿ ಜಾಲಿಸಿ, ಯಂತ್ರದಲ್ಲಿ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಮತ್ತೆ ಜಾಲಿಸಿ... ಮೈಗಂಟಿದ ವಿಟಮಿನ್ ಒಂದು ಚೂರೂ ಉಳಿಯಬಾರದು. ಹಸಿದವರನ್ನು ಮಾತ್ರ ಪಂಕ್ತಿಗೆ ಕೂರಿಸುವುದು ಇಲ್ಲಿಯ ಪದ್ಧತಿ.

ನಾಳೆ ಕಾಲೇಜು ಹುಡುಗಿಯರು ಲ್ಯಾಬ್ ನೋಡಲು ಬರುತ್ತಾರಂತೆ. ವಿವರಿಸುವ ಕೆಲಸ ನನ್ನ ತಲೆಗೆ. ಇಲ್ಲೇ ಬರೆದು ಬಾಯಿಪಾಠ ಮಾಡುತ್ತೇನೆ — ನೆಂಟರು ಅಂದರೆ ಬ್ಯಾಕ್ಟೀರಿಯಾ. ಅಸಲಿ ಹೆಸರು ನಾಲಿಗೆ ಹೊರಳದಷ್ಟು ಉದ್ದ. ನೆಂಟರು ಅಂತ ಹೆಸರಿಟ್ಟದ್ದು ನಮ್ಮ ಲ್ಯಾಬಿನ ಯಜಮಾನಿ, ನಾವೆಲ್ಲ ಗೌರವದಿಂದ ಬು ಅನ್ನುವ ಬು ಕುಂತಾರಿ. ಇವಕ್ಕೆ ಬಿ-ಹನ್ನೆರಡು ವಿಟಮಿನ್ ಬೇಕೇ ಬೇಕು, ತಾವಾಗಿ ಮಾಡಿಕೊಳ್ಳಲು ಬಾರದು. ಹೊರಗಿನಿಂದ ಎಳೆದುಕೊಳ್ಳಬೇಕು. ಕೊಳವೆಯಲ್ಲಿ ಆ ಒಂದು ವಿಟಮಿನ್ ಬಿಟ್ಟು ಉಳಿದೆಲ್ಲ ಇರುವ ಸಾರು ಬಡಿಸುತ್ತೇವೆ. ಆಮೇಲೆ ಪರೀಕ್ಷೆಗೆ ಬಂದ ಆಹಾರದ ರಸ ಒಂದೆರಡು ಹನಿ. ಅದರಲ್ಲಿ ವಿಟಮಿನ್ ಇದ್ದಷ್ಟೂ ನೆಂಟರು ಬೆಳೆಯುತ್ತಾರೆ, ಸಾರು ಮಸುಕಾಗುತ್ತದೆ. ಮಸುಕು ಎಷ್ಟೋ ವಿಟಮಿನ್ ಅಷ್ಟು. ರಸ ಹಾಕದೆ, ಸಾರು ಮತ್ತು ನೆಂಟರು ಮಾತ್ರ ಇರುವ ಒಂದು ಖಾಲಿ ಕೊಳವೆಯನ್ನೂ ಇಡುತ್ತೇವೆ. ಅದು ತಿಳಿಯಾಗಿಯೇ ಉಳಿಯಬೇಕು. ಅದು ಮಸುಕಾದರೆ ಇಡೀ ಪಂಕ್ತಿಯನ್ನೇ ನಂಬುವಂತಿಲ್ಲ.

ಚೆನ್ನಾಗಿದೆ. ಹುಡುಗಿಯರು ಆಕಳಿಸುತ್ತಾರೆ. ಆಕಳಿಸಲಿ.

ಮಧ್ಯಾಹ್ನ

ತಮ್ಮ ತ್ರಿಯೊನೊ ಫೋನ್ ಮಾಡಿದ್ದ. "ಅಕ್ಕಾ, ಗಾಬರಿ ಆಗ್ಬೇಡ" ಅಂತ ಶುರು ಮಾಡಿದ. ಹಾಗೆ ಶುರು ಮಾಡಿದರೆ ಯಾರಿಗೆ ಗಾಬರಿ ಆಗುವುದಿಲ್ಲ? ಸೋಯಾ ತುಳಿಯುವಾಗ ಅಮ್ಮನ ಕಾಲಿಗೆ ಮೊಳೆ ಹೊಕ್ಕಿದೆ. ಅಮ್ಮನಿಗೆ ಗೊತ್ತೇ ಆಗಿಲ್ಲ. ಬುಟ್ಟಿಯ ನೀರು ಕೆಂಪಾಯಿತು ಅಂತ ಪಕ್ಕದ ಮನೆಯವಳು ಕೂಗಿಕೊಂಡ ಮೇಲೆ ಕಾಲೆತ್ತಿ ನೋಡಿದಳಂತೆ.

೬ ಆಗಸ್ಟ್

ಹುಡುಗಿಯರನ್ನು ಬು ಕುಂತಾರಿಗೇ ಒಪ್ಪಿಸಿ ಊರಿಗೆ ಬಂದೆ. ಲ್ಯಾಬ್ ಇರುವ ಜೋಗ್ಜಾ ನಗರದಿಂದ ಸ್ಕೂಟರಿನಲ್ಲಿ ಒಂದು ಗಂಟೆಯ ದಾರಿ. ದಾರಿಯಿಡೀ ಲಾರಿಗಳನ್ನು ಬೈದುಕೊಂಡೇ ಬಂದೆ.

ಅಮ್ಮ ಬ್ಯಾಂಡೇಜಿನ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತೆಂಪೆ ಸುತ್ತುತ್ತಾ ಕೂತಿದ್ದಾಳೆ. ಬೂಷ್ಟು ಹಿಡಿದು ಬಿಲ್ಲೆಯಾಗಬೇಕಾದ ಬೆಂದ ಸೋಯಾ, ಬಾಳೆಲೆ, ಒಂದು ಮಡಚು, ಮತ್ತೊಂದು ಮಡಚು. ಕೈ ನಿಲ್ಲದು.

"ಏನ್ ಮಹಾ ಆಗಿದೆ ಅಂತ ಓಡ್ಬಂದೆ? ಲ್ಯಾಬ್‌ನೋರು ಸಂಬಳ ಸುಮ್ನೆ ಕೊಡ್ತಾರಾ?"

"ಕಣ್ಮುಚ್ಚು. ಕಾಲು ಚಾಚು."

ಬಾಚಣಿಗೆ ಹಲ್ಲಿನಿಂದ ಅಂಗಾಲು ಗೀರಿದೆ. ಅಮ್ಮ ಕಾಲು ಎಳೆದುಕೊಳ್ಳಲಿಲ್ಲ. ಒತ್ತಿ ಗೀರಿದೆ.

"ಇನ್ನೂ ಶುರು ಮಾಡಿಲ್ವೇನೆ?" ಅಂದಳು.

ಬಾಚಣಿಗೆ ಇಟ್ಟು, ಊರ ಕ್ಲಿನಿಕ್‌ಗೆ ಕರೆದೊಯ್ದು ರಕ್ತ ಕೊಡಿಸಿದೆ.

ಊರಿನಲ್ಲಿ ಉಳಿದವರೆಲ್ಲ ಸೋಯಾ ಸಿಪ್ಪೆ ಬಿಡಿಸಲು ಯಂತ್ರ ಇಟ್ಟಿದ್ದಾರೆ. ಅಮ್ಮ ಇನ್ನೂ ಕಾಲಿನಲ್ಲೇ ತುಳಿಯುವುದು. ಬಿದಿರು ಬುಟ್ಟಿಯಲ್ಲಿ ನೆನೆದ ಕಾಳು, ಹರಿಯುವ ನೀರು, ಮೇಲೆ ಅಮ್ಮ. ಯಾವ ಕಾಳು ಸಿಪ್ಪೆ ಬಿಟ್ಟಿದೆ ಯಾವುದು ಬಿಟ್ಟಿಲ್ಲ ಅಂತ ಅಂಗಾಲಿಗೆ ಗೊತ್ತು. ಸಿಪ್ಪೆ ಉಳಿದರೆ ಬೂಷ್ಟು ಒಳಗಿಳಿಯದು, ತೆಂಪೆ ಕೆಡುತ್ತದೆ. ತ್ರಿಯೊನೊ ಕಿವಿಯಲ್ಲಿ ಹೇಳಿದ — ಎರಡು ತಿಂಗಳಿಂದ ಸಿಪ್ಪೆ ಉಳೀತಿದೆ, ವಾಪಸ್ ಬರ್ತಿದೆ. ಕದ್ದು ಹಂದಿ ಸಾಕೋರಿಗೆ ಕೊಡ್ತಿದೀನಿ, ಅಮ್ಮಂಗೆ ಹೇಳ್ಬೇಡ.

ಅಂಗಡಿ ಮುಂದೆ ಅವನೇ ಕಟ್ಟಿಸಿದ ಬ್ಯಾನರ್ ಗಾಳಿಗೆ ಪಟಪಟ ಅನ್ನುತ್ತಿದೆ. ಮ್ಬೊಕ್ ಸಾಕಿನೆಮ್ ತೆಂಪೆ, ಲ್ಯಾಬಿನಲ್ಲಿ ಪರೀಕ್ಷೆಯಾದದ್ದು, ಬಿ-ಹನ್ನೆರಡು ಭರಪೂರ. ಸಾಕಿನೆಮ್ ಅಮ್ಮನ ಹೆಸರು, ಮ್ಬೊಕ್ ಅಂದರೆ ತಾಯಿ. ಹೋದ ವರ್ಷ ಪರೀಕ್ಷೆ ಮಾಡಿದ್ದು ನಾನೇ. ಬೂಷ್ಟಿನ ಬೀಜಕ್ಕೆ ಅಂಗಡಿಯ ಬಿಳಿ ಪುಡಿ ಬಳಸುವವರ ತೆಂಪೆಯಲ್ಲಿ ಏನೂ ಸಿಕ್ಕಿರಲಿಲ್ಲ. ಅಮ್ಮ ಹಳೇ ಕಾಲದವಳು, ವಾರು ಮರದ ಎಲೆಗೆ ಹತ್ತಿದ ಬೂಷ್ಟನ್ನೇ ಬೀಜವಾಗಿ ಇಟ್ಟವಳು. ಆ ಎಲೆಯ ಜೊತೆ ವಿಟಮಿನ್ ತಯಾರಿಸುವ ಬ್ಯಾಕ್ಟೀರಿಯಾವೂ ಬರುತ್ತದೆ. ಕೊಳವೆ ಹಾಲಿನಂತೆ ಮಸುಕಾಗಿತ್ತು. ಅವತ್ತು ನಾನು ಲ್ಯಾಬಿನಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದೆ.

೯ ಆಗಸ್ಟ್, ಶುಕ್ರವಾರ

ರಕ್ತದ ರಿಪೋರ್ಟ್ ಬಂತು. ಸಕ್ಕರೆ ಸರಿ ಇದೆ. ಬಿ-ಹನ್ನೆರಡು — ತಳ ಕಂಡಿದೆ.

ಎರಡು ಸಲ ಓದಿದೆ. ಬೇರೆಯವರ ರಿಪೋರ್ಟ್ ಇರಬೇಕು ಅಂತ ಹೆಸರೂ ನೋಡಿದೆ. ಸಾಕಿನೆಮ್. ಮೂರು ಹೊತ್ತೂ ತನ್ನ ತೆಂಪೆಯನ್ನೇ ತಿನ್ನುವ ಸಾಕಿನೆಮ್.

ಊರ ಕ್ಲಿನಿಕ್‌ನವರು ಸೂಜಿ ಬರೆದರು. ತಡ ಮಾಡಬೇಡಿ, ಈ ವಿಟಮಿನ್ ಇಲ್ಲದೆ ಕಾಲಿನ ನರ ಪೂರ್ತಿ ಸತ್ತರೆ ವಾಪಸ್ ಬರುವುದಿಲ್ಲ ಅಂದರು. ಅಮ್ಮ ತಲೆಬಾಗಿ, ಎರಡೂ ಕೈ ಜೋಡಿಸಿ, "ಹೂಂ ಡಾಕ್ಟ್ರೇ, ಹೂಂ" ಅಂದಳು.

ನನಗೆ ಆ ಹೂಂ ಗೊತ್ತು. ದೊಡ್ಡವರ ಮುಖಕ್ಕೆ ಇಲ್ಲ ಅನ್ನಬಾರದು ಅಂತ ಕಲಿತು ಬೆಳೆದವಳು. ಹೂಂ ಅನ್ನುತ್ತಾಳೆ, ಮನೆಗೆ ಬಂದು ತನಗೆ ಬೇಕಾದದ್ದು ಮಾಡುತ್ತಾಳೆ.

೧೩ ಆಗಸ್ಟ್

ಅಂದುಕೊಂಡದ್ದೇ ಆಯಿತು. ಸೂಜಿಗೆ ಹೋಗಿಲ್ಲ.

ಫೋನಿನಲ್ಲಿ ಕೂಗಾಡಿದೆ. ಅಮ್ಮ ಕೂಗಾಡಲಿಲ್ಲ, ಅದೇ ಇನ್ನೂ ಕಷ್ಟ.

"ನೀನೇ ಹೇಳು ನ್ದುಕ್." ನನಗೆ ನಲವತ್ತಾದರೂ ಪುಟ್ಟ ಹುಡುಗಿಯನ್ನು ಕರೆದ ಹಾಗೆ ನ್ದುಕ್ ಅಂತಲೇ ಕರೆಯುವುದು. "ವಿಟಮಿನ್ ತುಂಬಿದ ತೆಂಪೆ ಅಂತ ಜನ ನಡ್ಕೊಂಡ್ ಬರ್ತಾರೆ. ಆ ತೆಂಪೆ ಮಾಡೋಳು, ತಿನ್ನೋಳು, ಅದೇ ವಿಟಮಿನ್‌ಗೆ ಕ್ಲಿನಿಕ್ ಬೆಂಚ್ ಮೇಲೆ ಕೂತಿದ್ರೆ? ನರ್ಸ್ ಯಾರು ಗೊತ್ತಾ? ಸಂತೆಲಿ ನನ್ನೆದುರು ಕೂರೋ ಮಾರಾಯ್ತಿ ಸೊಸೆ."

"ಕಾಲು ಹೋದ್ರೆ?"

"ನಿನ್ ಲೆಕ್ಕ ಸರಿ ಇದ್ರೆ ನನ್ ಕಾಲಿಗ್ ಏನೂ ಆಗ್ಬಾರ್ದು. ನಿನ್ ಲೆಕ್ಕ ತಪ್ಪಿದ್ರೆ ಮೊದ್ಲು ಅದನ್ ಹೇಳು. ಬ್ಯಾನರ್ ಕಿತ್ತಾಕ್ತೀನಿ."

ಫೋನ್ ಇಟ್ಟು ಅರ್ಧ ಗಂಟೆ ಅತ್ತಿಂದಿತ್ತ ಓಡಾಡಿದೆ. ನನ್ನ ಲೆಕ್ಕ ತಪ್ಪೇ?

೧೪ ಆಗಸ್ಟ್

ಉಪಾಯ ಮಾಡಿದೆ. ಅಂಗಡಿಯಿಂದ ಕೆಂಪು ವಿಟಮಿನ್ ಮಾತ್ರೆ ತಂದೆ. ಪುಡಿ ಮಾಡಿ ಶೇಂಗಾ ಚಟ್ನಿಯಲ್ಲಿ ಕಲಸಿ, ಬೇಯಿಸಿದ ಸೊಪ್ಪಿನ ಮೇಲೆ ಸುರಿದು ಅಮ್ಮನಿಗೆ ಕೊಡುವುದು. ಬಾಡಿಗೆ ಕೋಣೆಯಲ್ಲಿ ಕುಟ್ಟುವ ಕಲ್ಲು ಎಲ್ಲಿದೆ? ಲ್ಯಾಬಿನಲ್ಲೇ ಊಟದ ಬಿಡುವಿನಲ್ಲಿ ಕುಟ್ಟಿದೆ. ಯಾರೂ ನೋಡಲಿಲ್ಲ.

೧೮ ಆಗಸ್ಟ್, ಭಾನುವಾರ

ಊರು. ನಿನ್ನೆ, ಹದಿನೇಳರಂದು, ಜಾವಾ ತುಂಬ ಆಚರಿಸಿದ ಸ್ವಾತಂತ್ರ್ಯ ದಿನದ ಕೆಂಪು-ಬಿಳಿ ಬಾವುಟಗಳು ಇನ್ನೂ ಓಣಿಯಲ್ಲಿ ತೂಗುತ್ತಿವೆ.

ಅಮ್ಮ ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು.

"ಶೇಂಗಾ ಎಲ್ಲಿಂದ ತಂದೆ, ಔಷಧಿ ಅಂಗಡಿಯಿಂದಾನಾ?"

ತ್ರಿಯೊನೊ ನಕ್ಕು ನಕ್ಕು ಕೆಮ್ಮಿದ. ತಟ್ಟೆ ಕೋಳಿಗಳ ಪಾಲಾಯಿತು. ಕೋಳಿಗಳು ಚೆನ್ನಾಗಿವೆ.

ಅಮ್ಮ ಗೋಡೆ ಹಿಡಿದು ನಡೆಯುತ್ತಾಳೆ ಈಗ. ಹಿಡಿದಿಲ್ಲ ಅಂತ ತೋರಿಸಿಕೊಳ್ಳಲು ಗೋಡೆಯ ಧೂಳು ಒರೆಸುವವಳ ಹಾಗೆ ನಟಿಸುತ್ತಾಳೆ. ನೋಡಲಾಗಲಿಲ್ಲ. ಬರುವಾಗ ಎರಡು ಪೊಟ್ಟಣ ತೆಂಪೆ ಕೇಳಿ ತಂದೆ. ಮತ್ತೆ ಪರೀಕ್ಷೆ ಮಾಡುತ್ತೇನೆ.

೨೧ ಆಗಸ್ಟ್. ಬೆಳಿಗ್ಗೆ

ಖಾಲಿ ಕೊಳವೆ ಮಸುಕಾಗಿದೆ.

ಏನೂ ಹಾಕದ್ದು! ನೆಂಟರು ಅಲ್ಲೂ ಹೊಟ್ಟೆ ತುಂಬಾ ಉಂಡಿದ್ದಾರೆ. ಪಂಕ್ತಿಯ ಅಷ್ಟೂ ಕೊಳವೆ ಒಂದೇ ಸಮ ಹಾಲು. ಅಮ್ಮನ ತೆಂಪೆ ಯಾವುದು, ಬರೀ ನೀರು ಯಾವುದು, ಗುರುತು ಹತ್ತುವುದಿಲ್ಲ.

ಹೋದ ವರ್ಷವೂ ಹೀಗೇ ಆಗಿತ್ತೇ? ಖಾಲಿ ಕೊಳವೆಯನ್ನು ಅವತ್ತು ಸರಿಯಾಗಿ ನೋಡಿದ್ದೆನೇ? ನೋಡಿದ್ದೆ... ನೋಡಿರಲೇಬೇಕು. ಬ್ಯಾನರ್ ಸುಳ್ಳೇ? ಅಮ್ಮ ಒಂದು ವರ್ಷ ನನ್ನ ಸುಳ್ಳು ತಿಂದುಕೊಂಡು ಇದ್ದಳೇ?

ಸಂಜೆ

ಬು ಕುಂತಾರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಈ ವಾರದ ಬೇರೆಯವರ ಪರೀಕ್ಷೆಗಳೂ ಹಾಳಾಗಿವೆ. ಆ ಹೆಂಗಸು ಕೂಗುವುದಿಲ್ಲ, ದನಿ ಇಳಿಸುತ್ತಾರೆ. ಇಳಿದಷ್ಟೂ ಭಯ.

"ಕೊಳವೆಗಳನ್ನ ಒಲೆಯಲ್ಲಿ ಸುಟ್ಟಿದೀರಿ. ಮುಚ್ಚಳ?"

ರಬ್ಬರ್ ಮುಚ್ಚಳ ಸುಡಲು ಬರುವುದಿಲ್ಲ. ತೊಟ್ಟಿಯಲ್ಲಿ ತೊಳೆಯುತ್ತೇವೆ.

"ತೊಟ್ಟಿಯಲ್ಲಿ ಇನ್ನೇನು ತೊಳೆದ್ರಿ?"

ಕುಟ್ಟಾಣಿ. ಕೆಂಪು ಮಾತ್ರೆ. ಚೆನ್ನಾಗಿ ತೊಳೆದಿದ್ದೆ, ಅದೇ ತೊಟ್ಟಿಯಲ್ಲಿ. ಕಣ್ಣಿಗೆ ಕಾಣದಷ್ಟು ಪುಡಿ ನೀರಿಗೆ ಬಿದ್ದರೂ ಸಾಕು, ಈ ನೆಂಟರಿಗೆ ಮದುವೆ ಮನೆ. ಮೈಮೇಲೆ ವಿಟಮಿನ್ ಹಿಡಿಯುವುದಕ್ಕೆಂದೇ ಕೈ ಇಟ್ಟುಕೊಂಡಿವೆ. ಆ ಕೈ ಬೇರೇನನ್ನೂ ಮುಟ್ಟುವುದಿಲ್ಲ. ಆ ಒಂದು ಕಣ ಪಕ್ಕದಲ್ಲಿ ಹಾದರೆ ಮಾತ್ರ ಬಿಡುವುದಿಲ್ಲ, ಹಿಡಿದು ಒಳಗೆ ಎಳೆದುಬಿಡುತ್ತದೆ. ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳು ನಾನು.

ಎಲ್ಲ ಹೇಳಿಬಿಟ್ಟೆ. ಅಮ್ಮ, ಕಾಲು, ಚಟ್ನಿ, ಕೋಳಿ ಸಮೇತ.

ಬು ಕುಂತಾರಿ ಒಂದು ಮುಚ್ಚಳ ಎತ್ತಿ ನೋಡಿ ಕೆಳಗಿಟ್ಟರು. "ವಿಟಮಿನ್ ಲ್ಯಾಬಲ್ಲಿ ಕೂತು ವಿಟಮಿನ್ ಮಾತ್ರೆ ಕುಟ್ಟಿದ್ಯಲ್ಲ ಪಲುಪಿ... ಸೋಪಿನ ಅಂಗಡಿಲಿ ಕೊಳೆ ಮಾಡೋರನ್ನ ನೋಡಿದ್ದೆ, ನಿನ್ನಂಥೋಳ್ನ ನೋಡಿರ್ಲಿಲ್ಲ. ಮುಚ್ಚಳ ಎಲ್ಲಾ ಎಸಿ. ಹೊಸದು ತರ್ಸು. ನಿಮ್ಮಮ್ಮನ ತೆಂಪೆ ನನ್ನೆದುರಿಗೆ ಮಾಡು."

ಬಚ್ಚಲಿಗೆ ಹೋಗಿ ಅತ್ತೆ. ಅವಮಾನಕ್ಕೋ ಸಮಾಧಾನಕ್ಕೋ ತಿಳಿಯದು.

೨೮ ಆಗಸ್ಟ್, ಬುಧವಾರ

ಖಾಲಿ ಕೊಳವೆ ತಿಳಿ. ಕನ್ನಡಿ ಹಾಗೆ ತಿಳಿ.

ಅಮ್ಮನ ಕೊಳವೆ ಹಾಲು. ಬು ಕುಂತಾರಿ ಬೆಳಕಿಗೆ ಹಿಡಿದು ನೋಡಿದರು. "ನಿಮ್ಮಮ್ಮ ಸುಳ್ಳಲ್ಲ. ನೀನೂ ಅಲ್ಲ."

ಈ ನೆಂಟರು ಅಸಲಿಯನ್ನೇ ಹೋಲುವ ನಕಲಿ ವಿಟಮಿನ್ ಕೊಟ್ಟರೂ ತಿನ್ನುತ್ತಾರೆ, ನಮ್ಮ ಮೈಗೆ ಅದು ಒಗ್ಗದು. ಅದಕ್ಕೇ ಮೇಲಿನ ಮಹಡಿಯ ದೊಡ್ಡ ಯಂತ್ರದಲ್ಲೂ ಹಾಕಿಸಿದೆವು. ಅಸಲಿಯೇ.

ಕುಣಿಯಬೇಕಿತ್ತು. ಕೂರಲೂ ಆಗುತ್ತಿಲ್ಲ. ತೆಂಪೆಯಲ್ಲಿ ಇದೆ. ಅಮ್ಮ ತಿನ್ನುತ್ತಾಳೆ. ರಕ್ತದಲ್ಲಿ ಇಲ್ಲ. ಮಧ್ಯದಲ್ಲಿ ಎಲ್ಲಿ ಹೋಯಿತು?

ಎರಡು ಕೊಳವೆ ಕೈಯಲ್ಲಿ ಹಿಡಿದು ಕಿಟಕಿ ಹತ್ತಿರ ನಿಂತಿದ್ದೆ. ಮಸುಕು ಕೊಳವೆ ನೋಡುತ್ತಾ ನೋಡುತ್ತಾ — ಥೂ, ಎಂಥಾ ಪೆದ್ದಿ ನಾನು! ಇದರಲ್ಲಿದ್ದ ವಿಟಮಿನ್ ಈಗ ಎಲ್ಲಿದೆ? ಸಾರಿನಲ್ಲಿ ಉಳಿದಿಲ್ಲ. ಇವರೊಳಗೆ ಇದೆ. ಇದೇ ಅಮ್ಮನ ಹೊಟ್ಟೆಯಲ್ಲಾದರೆ? ಅಲ್ಲಿ ಯಾರಾದರೂ ಮೊದಲ ಪಂಕ್ತಿಗೇ ಕೂತುಬಿಟ್ಟಿದ್ದರೆ? ಅಮ್ಮ ಉಣ್ಣುವುದು, ಅವರು ಬಾಚಿಕೊಳ್ಳುವುದು. ನಾನು ತೆಂಪೆ ತಿನ್ನು ತಿನ್ನು ಅಂತ ಹೇಳಿದಷ್ಟೂ ಅವರಿಗೇ ಹಬ್ಬ.

ಆದರೆ ಅಷ್ಟೊಂದು ಜನ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಸೇರಿಕೊಳ್ಳಲು ಜಾಗ ಬೇಕು. ಎಲ್ಲರ ಹೊಟ್ಟೆಯಲ್ಲೂ ಹಾಗಾಗುವುದಿಲ್ಲ. ಅಮ್ಮನ ಹೊಟ್ಟೆಯಲ್ಲಿ ಏನು—

ಸಂಜೆ

ತ್ರಿಯೊನೊಗೆ ಫೋನ್. "ಅಮ್ಮನ ಹೊಟ್ಟೆ ಮೇಲೆ ಹಳೇ ಹೊಲಿಗೆ ಗೆರೆ ಇದೆಯಲ್ಲ, ಏನದು?"

"ಹುಣ್ಣಾಗಿತ್ತಲ್ಲಕ್ಕ. ನೀನು ಕಾಲೇಜ್ ಹಾಸ್ಟೆಲ್‌ನಲ್ಲಿದ್ದೆ. ಕುಯ್ದು, ಹೊಟ್ಟೆ ಒಂದ್ಭಾಗ ತೆಗ್ದು, ಕರುಳಿಗೆ ಬೇರೆ ಥರ ಜೋಡ್ಸಿದ್ರು. ನಿಂಗ್ ಪರೀಕ್ಷೆ ಇತ್ತು. ಹೇಳ್ಬೇಡ ಅಂದ್ಲು ಅಮ್ಮ."

ನನಗೆ ಹೇಳಿದ್ದು ಗಾಳಿ ಹೊಕ್ಕಿತ್ತು ಅಂತ. ಈ ಊರಿನಲ್ಲಿ ಜ್ವರಕ್ಕೂ ಗಾಳಿ, ಬೇಸರಕ್ಕೂ ಗಾಳಿ, ಹೊಟ್ಟೆ ಕುಯ್ದರೂ ಗಾಳಿ! ಮಕ್ಕಳಿಗೆ ಭಾರ ಆಗಬಾರದು ಅಂತ ಮುಚ್ಚಿಡುವುದು. ಸಿಟ್ಟು ಬಂತು. ಎಷ್ಟು ಸಿಟ್ಟು ಅಂದರೆ ಚಹಾದ ಲೋಟ ಕುಕ್ಕಿ ಹಿಡಿ ಮುರಿಯಿತು.

ಜೋಡಿಸುವಾಗ ಕರುಳಿನ ಒಂದು ತುಂಡು ಕುರುಡು ಓಣಿಯ ಹಾಗೆ ಉಳಿಯುತ್ತದೆ. ಒಳಗೆ ಹೋದದ್ದು ಸರಾಗ ಹರಿಯುವುದಿಲ್ಲ. ಅಲ್ಲಿ ಕೂತಿದ್ದಾರೆ.

೩೧ ಆಗಸ್ಟ್, ಶನಿವಾರ. ಊರು

ಎರಡು ಕೊಳವೆ ಬಿಗಿಯಾಗಿ ಮುಚ್ಚಿ ಕೈಚೀಲದಲ್ಲಿಟ್ಟು ತಂದೆ. ಬು ಕುಂತಾರಿಯ ಅಪ್ಪಣೆ ಪಡೆದೇ ತಂದೆ, ಈ ಸಲ.

ಅಮ್ಮ ಬಾವಿಕಟ್ಟೆಯ ಹತ್ತಿರ ಬುಟ್ಟಿಯಲ್ಲಿ ನಿಂತಿದ್ದಳು. ಎರಡೂ ಕೈ ಬೇಲಿಗೆ. ಕಾಲು ಎತ್ತಿ ಇಡುತ್ತಾಳೆ, ಆಮೇಲೆ ಬಗ್ಗಿ ಕಣ್ಣಿನಿಂದ ನೋಡುತ್ತಾಳೆ, ಎಲ್ಲಿ ಇಟ್ಟೆ ಅಂತ. ಅಂಗಾಲಿನ ಕೆಲಸ ಕಣ್ಣು ಮಾಡುತ್ತಿದೆ. ನನ್ನನ್ನು ನೋಡಿ ಕೈ ಬಿಟ್ಟು ನೆಟ್ಟಗೆ ನಿಲ್ಲಲು ಹೋಗಿ ವಾಲಿದಳು. ಹಿಡಿದುಕೊಂಡೆ. ಎಷ್ಟು ಹಗುರ ಆಗಿದ್ದಾಳೆ.

ಕೂರಿಸಿ ಕೊಳವೆ ತೋರಿಸಿದೆ.

"ಇದು ಬರೀ ಸಾರು. ಇದಕ್ಕೆ ನಿನ್ ತೆಂಪೆ ಹಾಕಿದ್ದು. ನೋಡು ಹೆಂಗ್ ಕೊಬ್ಬಿದಾರೆ."

"ಅಂದ್ರೆ ತೆಂಪೆಲಿ ಇದೆ."

"ಇದೆ. ಎರಡ್ ಸಲ ನೋಡ್ದೆ."

"ತೆಂಪೆದು ತಪ್ಪಲ್ಲ."

"ಅಲ್ಲಮ್ಮ. ನಿನ್ ಹೊಟ್ಟೆಲಿ ಇವ್ರ ಥರದೋರು ಸೇರ್ಕೊಂಡಿದಾರೆ. ಆಪರೇಷನ್ ಮಾಡಿದ ಜಾಗದಲ್ಲಿ. ನೀನು ಹೇಳಿದ್ರೆ ಮೊದ್ಲೇ ಗೊತ್ತಾಗ್ತಿತ್ತು."

ಕೊನೆಯ ಮಾತು ಕೇಳಿಸಿಕೊಳ್ಳಲಿಲ್ಲ. ಕೊಳವೆಯನ್ನು ಬಿಸಿಲಿಗೆ ಹಿಡಿದು ಅಲ್ಲಾಡಿಸಿದಳು.

"ಬೆಳಗಿನ ಜಾವ ಎದ್ದು, ಬೇಯ್ಸಿ, ತುಳ್ದು, ಸುತ್ತಿ ನಾನು ಮಾಡೋದು. ತಿನ್ನೋರು ಈ ಬಡ್ಡಿಮಕ್ಳು?"

"ಹೂಂ."

"ಎಷ್ಟ್ ವರ್ಷದಿಂದ?"

"ಗೊತ್ತಿಲ್ಲ."

"ಸೂಜಿ ಚುಚ್ಚಿದ್ರೆ ಇವ್ರ ಕೈಗೆ ಸಿಗಲ್ವಾ?"

"ಸಿಗಲ್ಲ. ಹೊಟ್ಟೆ ದಾರಿಲೇ ಹೋಗಲ್ಲ ಅದು. ನೇರ ಮೈಗೆ."

ಅಮ್ಮ ಕಾಲಿಗೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿ, ಕಾಲು ಒರೆಸಿಕೊಂಡು, "ಬಟ್ಟೆ ಬದಲಾಯಿಸ್ತೀನಿ ಇರು" ಅಂದಳು. ಹೂಂ ಅನ್ನಲಿಲ್ಲ. ಅದರಿಂದಲೇ ನಂಬಿದೆ.

೧೦ ಸೆಪ್ಟೆಂಬರ್

ಜೋಗ್ಜಾದ ಆಸ್ಪತ್ರೆ. ಸಕ್ಕರೆ ನೀರು ಕುಡಿಸಿ, ಒಂದು ಚೀಲಕ್ಕೆ ಆಗಾಗ ಊದಿಸಿದರು. ಹೊಟ್ಟೆಯೊಳಗೆ ಇರುವವರು ಬಿಡುವ ಗಾಳಿ ಉಸಿರಿನಲ್ಲಿ ಬರುತ್ತದೆ. ಬೇಗನೆ ಬಂತು, ಬೇಕಾದಷ್ಟು ಬಂತು. "ನಾನು ಹೇಳಿರ್ಲಿಲ್ವಾ ಗಾಳಿ ಅಂತ?" ಅಮ್ಮ ನನ್ನ ಮುಖ ನೋಡಿ ಗೆದ್ದವಳ ಹಾಗೆ ನಕ್ಕಳು.

ಡಾಕ್ಟರ್ ಸಿಮಾತುಪಂಗ್ ಸುಮಾತ್ರಾದವರು, ಗುಡ್ಡದ ಕಡೆಯ ಗಟ್ಟಿ ದನಿ. "ನಿಮ್ ಜಾವಾದೋರ ಹೂಂ ನನಗೆ ಬೇಡ ತಾಯಿ. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಹೊಟ್ಟೆ ಕ್ಲೀನ್ ಮಾಡಕ್ಕೆ ಮಾತ್ರೆ, ಆಮೇಲೆ ಸೂಜಿ, ಬಹುಶಃ ಜೀವನಪೂರ್ತಿ. ಬರ್ತೀರಾ?"

"ಬರ್ತೀನಿ."

ಹೊರಗೆ ಬಂದು — "ಔಷಧಿ ಕೊಟ್ರೋ ಜಗಳ ಆಡಿದ್ರೋ ನ್ದುಕ್?"

ನನ್ನನ್ನು ಮಾತ್ರ ಡಾಕ್ಟರ್ ಒಳಗೆ ಕರೆದರು. ರಕ್ತ ಸರಿಹೋಗುತ್ತೆ. ನರದ ವಿಷಯ ಮಾತು ಕೊಡಲಾರೆ. ತಡ ಆಗಿದೆ ಅಂದರು. ಅಮ್ಮನಿಗೆ ಹೇಳಲಿಲ್ಲ. ಮುಚ್ಚಿಟ್ಟೆ. ಅಮ್ಮನ ಮಗಳೇ ನಾನೂ.

೨೦ ಅಕ್ಟೋಬರ್, ಭಾನುವಾರ

ಬರೆದೇ ಇಲ್ಲ ಇಷ್ಟು ದಿನ. ಬರೆಯಲು ಏನಿತ್ತು? ಪ್ರತಿ ವಾರ ಬಾಚಣಿಗೆ. ಪ್ರತಿ ವಾರ "ಇನ್ನೂ ಶುರು ಮಾಡಿಲ್ವೇನೆ?"

ರಕ್ತ ಚೆನ್ನಾಗಿದೆ. ಮುಖಕ್ಕೆ ಬಣ್ಣ ಬಂದಿದೆ. ಕಾಲು ಮಾತ್ರ ಬೇರೆಯವರ ಕಾಲು. ಈಚೆಗೆ ರಾತ್ರಿ ಉರಿ ಅಂತಾಳೆ. ಉರಿ ಒಳ್ಳೆಯದೋ ಕೆಟ್ಟದ್ದೋ? ಡಾಕ್ಟರ್ ಎರಡೂ ಆಗಬಹುದು ಅಂದರು. ಅಂಥ ಉತ್ತರ ನಾನೂ ಕೊಡಬಲ್ಲೆ.

ತ್ರಿಯೊನೊ ಸಿಪ್ಪೆ ಯಂತ್ರ ತಂದಿಟ್ಟಿದ್ದಾನೆ. ಅಮ್ಮ ಅದರ ಮೇಲೆ ಬಟ್ಟೆ ಹೊದಿಸಿ ಬೆಕ್ಕಿಗೆ ಹಾಸಿಗೆ ಮಾಡಿದ್ದಾಳೆ. ಬ್ಯಾನರ್ ಇಳಿಸೋಣ ಅಂತ ಅವನು ಅಂದರೆ ಬೇಡ ಅಂದಳಂತೆ. ಸಂತೆಯಲ್ಲಿ ಯಾರೋ ಕುಹಕದಿಂದ ಕೇಳಿದರಂತೆ, ವಿಟಮಿನ್ ತೆಂಪೆಯವಳಿಗೆ ಯಾಕೆ ಸೂಜಿ ಅಂತ. "ನನ್ ತೆಂಪೆ ಎಷ್ಟ್ ಚೆನ್ನಾಗಿದೆ ಅಂದ್ರೆ ಹೊಟ್ಟೇಲಿದ್ದ ಕಳ್ರು ನಂಗೊಂದ್ ಚೂರೂ ಉಳಿಸ್ಲಿಲ್ಲ" ಅಂದಳಂತೆ. ಅವತ್ತು ಬುಟ್ಟಿ ಖಾಲಿಯಾಯಿತಂತೆ.

ನಗು ಬಂತು. ನಕ್ಕ ಮೇಲೆ ಅಳು.

೮ ನವೆಂಬರ್, ಶುಕ್ರವಾರ. ಬೆಳಿಗ್ಗೆ, ಲ್ಯಾಬ್

ನೆಂಟರನ್ನು ತೊಳೆಯುತ್ತಿದ್ದೆ. ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಕೈಗವಸು ಬಿಚ್ಚಿ ಎತ್ತಿಕೊಂಡೆ. ಅಮ್ಮ. ಬೈಗುಳದಿಂದಲೇ ಶುರು.

"ಯಾವ ಕುರುಡ ತುಂಬಿದ್ನೇ ಈ ಸೋಯಾ ಮೂಟೆ! ಕಲ್ಲು! ಹೆಬ್ಬೆಟ್ಟು ಬುಡಕ್ಕೆ ಚುಚ್ಚಿ ಪ್ರಾಣ ಹೋಗ್ಬಿಡ್ತು, ಅಯ್ಯಯ್ಯೋ..."

"ಅಮ್ಮ. ಏನಂದೆ?"

"ಕಲ್ಲು ಅಂದೆ! ಕಿವಿ ಕೇಳ್ಸಲ್ವಾ ನಿಂಗೆ? ಬುಟ್ಟಿಲಿ ಕಲ್ಲು..."

ಆ ಕಡೆ ಸದ್ದು ನಿಂತಿತು. ನೀರು ಹರಿಯುವುದು ಮಾತ್ರ ಕೇಳಿಸುತ್ತಿತ್ತು. ಅವಳಿಗೂ ಆಗಲೇ ಹೊಳೆದದ್ದು.

"ನ್ದುಕ್," ಅಂದಳು, ಮೆಲ್ಲಗೆ. "ಚುಚ್ತು ಕಣೇ."

ಬು ಕುಂತಾರಿ ಬಂದು ಯಾಕೆ ನೆಲದ ಮೇಲೆ ಕೂತಿದ್ದೀಯಾ ಅಂತ ಕೇಳಿದರು. ಫೋನ್ ತೋರಿಸಿದೆ. ಬಲಗಾಲು ಇನ್ನೂ ಹಾಗೇ ಇದೆಯಂತೆ, ಎಡಗಾಲು ಮಾತ್ರ. ಮಾತ್ರ! ನೆಂಟರು ಅರ್ಧ ಸ್ನಾನದಲ್ಲಿ ಉಳಿದಿದ್ದಾರೆ, ಹಾಳಾಗಿ ಹೋಗಲಿ, ಇವತ್ತು ಪಂಕ್ತಿ ಇಲ್ಲ. ಸ್ಕೂಟರಿಗೆ ಪೆಟ್ರೋಲ್ ಇದೆಯೋ ಇಲ್ಲವೋ. ಆ ಕಲ್ಲನ್ನು ಎಸೆಯಬೇಡ ಅಂತ ಹೇಳುವುದು ಮರೆತೆ, ಮತ್ತೆ ಫೋನ್ ಮಾಡಬೇಕು, ತ್ರಿಯೊನೊ ಕೈಗೆ ಸಿಕ್ಕರೆ ಅವನು ಅದನ್ನು ಬೇಲಿಯಾಚೆ ಎಸೆದೇ ಬಿಡುತ್ತಾನೆ.